ಎರಡನೇ ಹಗ್ಗ

"ದಾರಿ ಬಿಡು, ಮರ್ಡಾಕ್!"

ಕಡಲಿಗೆ ಇಳಿಯುವ ಕಲ್ಲುದಾರಿಯ ನಡುವೆ ಅವನು ನಿಂತಿದ್ದ. ಹೂಚಕ್ರ ಹಿಡಿದಿದ್ದ ಎಫಿ ಬೀಟನ್‌ಳ ಬೆರಳುಗಳು ಬಿಗಿದವು. ಹನ್ನೊಂದು ತಿಂಗಳ ಮೇಲೆ ಇಷ್ಟು ಹತ್ತಿರದಿಂದ ನೋಡುತ್ತಿದ್ದಾಳೆ... ಕೆನ್ನೆ ಒಳಕ್ಕೆ ಹೋಗಿದೆ. ಹಬ್ಬಕ್ಕೆ ಉಟ್ಟ ಚೌಕಳಿ ಲಂಗ, ಆ ಕಿಲ್ಟ್, ಸೊಂಟದಲ್ಲಿ ನಿಲ್ಲುತ್ತಿಲ್ಲ.

"ಒಂದೇ ಮಾತು, ಎಫಿ."

"ಬರಬೇಕಾದ ದಿನ ಬರಲಿಲ್ಲ ನೀನು. ಇನ್ನೇನು ಮಾತು?"

ಮೆರವಣಿಗೆಯಲ್ಲಿ ಹಿಂದಿದ್ದ ನೆರೆಮನೆಯ ಪೆಗಿ ಚಿಕ್ಕಮ್ಮ ಎಲ್ಲರಿಗೂ ಕೇಳುವ ಹಾಗೆ ಅಂದಳು: "ಮಣ್ಣಿಗೆ ಬಾರದವನು ಹಬ್ಬಕ್ಕೆ ಸಿಂಗಾರ ಮಾಡ್ಕೊಂಡು ಬಂದಿದಾನೆ ನೋಡ್ರೇ!"

ಮರ್ಡಾಕ್ ತಲೆ ತಗ್ಗಿಸಿದ. ಆದರೆ ಕದಲಲಿಲ್ಲ.

ಕಡಲತಡಿಯ ಊರು ಕಿಲ್ವಾರಾದ ಗೇಲಿಕ್ ಹಬ್ಬದಲ್ಲಿ ಹಾಡು, ಕುಣಿತ, ಪಂದ್ಯ ಎಲ್ಲ ಮಧ್ಯಾಹ್ನದ ಮೇಲೆ. ಬೆಳಿಗ್ಗೆ ಸತ್ತವರ ಸರದಿ. ಆ ವರ್ಷ ತೀರಿಕೊಂಡವರ ಹೆಸರನ್ನು ಒಂದೊಂದಾಗಿ ಕೂಗುತ್ತಾರೆ. ಕೂಗಿದಾಗ ಆ ಮನೆಯವರು ಮೊಣಕಾಲುದ್ದ ನೀರಿಗಿಳಿದು ಹೂಚಕ್ರ ಬಿಡಬೇಕು. ಈ ಸಲ ಐದು ಹೆಸರು. ನಾಲ್ಕನೆಯದು ಎಫಿಯ ಅಣ್ಣ ರೋರಿ.

ಅಪ್ಪ ಅಮ್ಮ ಎಂದೋ ಹೋಗಿದ್ದರು. ಅಣ್ಣನ ಹೂಚಕ್ರ ಬಿಟ್ಟು ನಾಳೆ ಅವಳು ಗ್ಲಾಸ್ಗೋಗೆ ಹೊರಡುವವಳು. ಮತ್ತೆ ಬರುವುದಿಲ್ಲ. ಬರಲು ಇಲ್ಲಿ ಯಾರಿದ್ದಾರೆ?

ಮರ್ಡಾಕ್ ಅವಳನ್ನು ಮದುವೆಯಾಗಬೇಕಿದ್ದವನು. ರೋರಿ ಕಡಲಿಗೆ ಬಿದ್ದ ದಿನ ಅದೇ ದೋಣಿಯಲ್ಲಿದ್ದವನು. ಅದಕ್ಕಾಗಿ ಎಫಿ ಅವನನ್ನು ಎಂದೂ ದೂರಲಿಲ್ಲ. ದೂರಿದ್ದು ಹಗ್ಗಕ್ಕಾಗಿ.

ಆ ಊರಲ್ಲಿ ಶವಪೆಟ್ಟಿಗೆಯನ್ನು ಗುಂಡಿಗೆ ಇಳಿಸಲು ಎಂಟು ಹಗ್ಗ. ಯಾವುದು ಯಾರದೆಂದು ಮನೆಯವರು ಚೀಟಿ ಬರೆದು ಕಳಿಸುತ್ತಾರೆ. ಚೀಟಿ ಬಾರದವನು ಹಗ್ಗ ಮುಟ್ಟುವಂತಿಲ್ಲ, ಬಂದವನು ತಪ್ಪಿಸಿಕೊಳ್ಳುವಂತಿಲ್ಲ. ಕಡಲು ಮೂರನೇ ದಿನ ರೋರಿಯ ದೇಹವನ್ನು ಹಿಂದಿರುಗಿಸಿದಾಗ, ತಲೆಯ ಕಡೆಯ ಮೊದಲ ಹಗ್ಗ ಎಫಿ ಇಟ್ಟುಕೊಂಡಳು. ಪಾದದ ಕಡೆಯ ಎರಡನೆಯದನ್ನು ಮರ್ಡಾಕ್‌ನಿಗೆ ಬರೆದಳು.

ಅವನು ಬರಲಿಲ್ಲ. ಆ ಹಗ್ಗವನ್ನು ಕೊನೆಗೆ ಶವದ ಗಾಡಿಯ ಚಾಲಕ ಹಿಡಿದ.

"ನಾನು ಗೋಡೆ ಆಚೆ ನಿಂತಿದ್ದೆ," ಅಂದ ಮರ್ಡಾಕ್.

"ಯಾವ ಗೋಡೆ?"

"ಸ್ಮಶಾನದ್ದು. ಚೀಟಿ ಇಲ್ದೆ ಯಾವ ಮುಖ ಹೊತ್ಕೊಂಡು ಒಳಗೆ ಬರ್ಲಿ?"

"ಸುಳ್ಳು! ನಾನೇ ಬರೆದು ಅಂಚೆಗೆ ಹಾಕಿದೀನಿ!"

ಅವನು ಕೋಟಿನಿಂದ ಒಂದು ಲಕೋಟೆ ತೆಗೆದ. "ನಿನ್ನೆ ಸಿಕ್ತು. ಕರಿ ಮರ್ಡಾಕಜ್ಜನ ಮಗಳು ಕೋಣೆ ಖಾಲಿ ಮಾಡ್ತಿದ್ದಳಂತೆ. ಹಾಸಿಗೆ ಕೆಳಗಿತ್ತಂತೆ."

ಅವಳದೇ ಅಕ್ಷರ. 'ಮರ್ಡಾಕ್ ಗಿಲ್ಲೀಸ್, ಕಿಲ್ವಾರಾ.' ಅಷ್ಟೇ.

ಊರಲ್ಲಿ ಮರ್ಡಾಕ್ ಗಿಲ್ಲೀಸರು ಇಬ್ಬರು. ಜನರ ಬಾಯಲ್ಲಿ ಮುದುಕ ಕರಿ ಮರ್ಡಾಕ್, ಇವನು ಕಮ್ಮಾರರ ಮರ್ಡಾಕ್. ಸಾವಿನ ಚೀಟಿಯ ಮೇಲೆ ಅಡ್ಡಹೆಸರು ಬೇಡವೆಂದು ಎಫಿ ಚರ್ಚಿನ ಪುಸ್ತಕದಲ್ಲಿರುವಂತೆ ಬರೆದಿದ್ದಳು. ಕಣ್ಣು ಕಾಣದೆ ಮಲಗಿದ್ದ ಅಜ್ಜ ಒಡೆಯದೆಯೇ ಇಟ್ಟುಬಿಟ್ಟ. ಇಂದಿನ ಐದನೇ ಹೆಸರು ಅವನದು.

ದೇವರೇ... ತಪ್ಪು ನನ್ನದೇ!

"ಒಂದು ಸಲ ಬಂದು ಕೇಳಬಾರದಿತ್ತಾ?" ಎಂದಳು ಅವಳು.

"ಏನಂತ ಕೇಳಲಿ? ಅಲೆ ಹೊಡೆದಾಗ ರೋರಿಯ ತೋಳು ಹಿಡಿದಿದ್ದೆ, ಎಫಿ. ಕೋಟು ನನ್ನ ಕೈಲಿ ಉಳೀತು... ಅವನು ಹೋದ. ಚೀಟಿ ಬರದಿದ್ದಾಗ ನೀನು ತೀರ್ಪು ಕೊಟ್ಟೆ ಅಂದ್ಕೊಂಡೆ. ತೀರ್ಪು ಸರಿಯಾಗೇ ಇದೆ ಅನ್ನಿಸ್ತು."

ಅವನ ಕುಲುಮೆಯ ಮುಂದೆ ಎಷ್ಟು ಸಲ ಮುಖ ತಿರುಗಿಸಿ ಹೋಗಿದ್ದಳು! ಪ್ರತಿ ಸಲವೂ ಒಳಗೆ ಸುತ್ತಿಗೆಯ ಸದ್ದು ನಿಲ್ಲುತ್ತಿತ್ತು. ಅವನು ತನ್ನ ಹೆಜ್ಜೆಗೇ ಕಿವಿಗೊಡುತ್ತಿದ್ದನೆಂದು ಈಗ ಅವಳಿಗೆ ಅರ್ಥವಾಯಿತು.

ಕೆಳಗೆ ದಡದಲ್ಲಿ ಬ್ಯಾಗ್‌ಪೈಪ್ ವಾದ್ಯ ನಿಂತಿತು.

"ರೋರಿ ಬೀಟನ್!"

ಎಫಿ ಹೂಚಕ್ರದ ಒಂದು ಬದಿಯನ್ನು ಅವನತ್ತ ಚಾಚಿದಳು. "ಹಿಡಿ."

"ಎಫಿ, ಮನೆಯವರು ಮಾತ್ರ ಇಳೀಬೇಕು!" ಪೆಗಿ ಕೂಗಿದಳು.

"ಮನೆಯವನೇ, ಚಿಕ್ಕಮ್ಮ."

ಇಬ್ಬರೂ ನೀರಿಗಿಳಿದರು. ಚಳಿ ಮೂಳೆಗೆ ತಾಕಿತು. ನೇರಳೆ ಹೂಚಕ್ರ ಒಮ್ಮೆ ದಡದತ್ತ ಬಂದು, ಮತ್ತೆ ದೂರ ಸರಿಯಿತು. ಮರ್ಡಾಕ್ ಬಾಯಿಗೆ ಕೈ ಅಡ್ಡ ಹಿಡಿದು ಅತ್ತ. ಅವಳು ಅವನ ತೋಳನ್ನು ಬಿಗಿಯಾಗಿ ಹಿಡಿದಳು.

"ನನಗೆ ಇನ್ನೂ ಸಿಟ್ಟಿದೆ, ಮರ್ಡಾಕ್. ನಿನ್ನ ಮೇಲೆ, ನನ್ನ ಮೇಲೆ, ಈ ನೀರಿನ ಮೇಲೆ..."

"ಇರ್ಲಿ. ಸಿಟ್ಟು ಮಾಡ್ಕೊಂಡೇ ಇರು. ಹೋಗ್ಬೇಡ, ಅಷ್ಟೇ. ನೀನಿಲ್ದೆ ನನಗಾಗಲ್ಲ."

"ನನಗೂ ಆಗ್ಲಿಲ್ಲ ಕಣೋ..." ಎಂದಳು ಅವಳು. "ಹೋಗಲ್ಲ."