ಅವ್ವಮ್ಮನ ಜೋಗುಳ ಅಳಿಸಿದವರು ಯಾರು?

ಹಾಡುಗಳು ಮಾಯವಾಗಿದ್ದವು. ಉಳಿದದ್ದು ಒಂದೇ, ಅದೂ ಕೆಲಸಕ್ಕೆ ಬಾರದ್ದು. ಅದರಲ್ಲಿ ನೀತಾ ತಪ್ಪುತಪ್ಪಾಗಿ ಹಾಡುತ್ತಾಳೆ, ಅತ್ತೆ ಅವ್ವಮ್ಮ ಬೈದು ತಿದ್ದುತ್ತಾಳೆ.

ನಾಳೆ ನೀತಾಳ ಮಗಳನ್ನು ತೊಟ್ಟಿಲಿಗೆ ಹಾಕುವ ದಿನ. ಅವ್ವಮ್ಮನ ದನಿಯಲ್ಲೇ ಜೋಗುಳ ಕೇಳಿಸಬೇಕೆಂದು ನೀತಾಳ ಆಸೆ. ಆದರೆ ಲಕ್ವಾ ಹೊಡೆದು ಅವ್ವಮ್ಮನ ಮಾತು ನಿಂತಿದೆ, ಬಲಗೈ ಬಿದ್ದಿದೆ. ಹಳೆಯ ರೆಕಾರ್ಡಿಂಗ್‌ಗಳೇ ಗತಿ.

ಖಡಕಿಯಲ್ಲಿ ನೀತಾಳ ವಠಾರದಲ್ಲೇ ಇದ್ದ ಸಬ್‌ಇನ್‌ಸ್ಪೆಕ್ಟರ್ ಸುಮಂಗಲಾ ಸಮವಸ್ತ್ರದಲ್ಲೇ ಬಂದು ಕೂತಳು. ಇದು ಎಫ್‌ಐಆರ್ ಬರೆಯಲಾಗದ ಕಳವು. ಆದರೂ ನೀತಾಳ ಮುಖ ನೋಡಿ ಅವಳಿಗೆ ಸಂಕಟವಾಯಿತು.

"ಎಲ್ಲಿ ಇಟ್ಟಿದ್ದಿ?"

"ಕ್ಲೌಡ್‌ನ್ಯಾಗ ಅಕ್ಕಾ. ಯಾವುದು ಚಲೋ ಅಂತ ಭಾಳ ವಿಚಾರ ಮಾಡಿ ಆರಿಸಿದ್ವಿ. ಮನಿ ಮಂದಿಗೆಲ್ಲ ಒಂದ ಅಕೌಂಟ್. ಸಸ್ತಾ ಬೀಳ್ತದ."

"ಒಬ್ಬರು ಅಳಿಸಿದ್ರ ಎಲ್ಲಾರದೂ ಹೋಗ್ತದ."

ನೀತಾಳ ಗಂಡ ಸಿದ್ದಾರೂಢ ಗುರುಗುಟ್ಟಿದ. "ಇದು ನನ್ನ ತಮ್ಮ ದೇವಾನಂದನ ಕೆಲಸ ರೀ. ಯೂಟ್ಯೂಬಿಗೆ ಹಾಕ್ತೀನಿ, ಹಾಡು ಕೊಡು ಅಂದಿದ್ದ. ಕೊಡಲಿಲ್ಲಂತ ಜಗಳಾಡಿ ಹೋದ."

*

ದೇವಾನಂದ ಶಿರೂರಿನಿಂದ ಬೈಕಿನಲ್ಲಿ ಓಡಿಬಂದ. ಬಂದವನೇ ಮೊಬೈಲ್ ಮುಂದಿಟ್ಟ.

"ನೋಡ್ರಿ ಅಕ್ಕಾರ. ಜಗಳಾದ ದಿನಾನ ಅಣ್ಣ ಇದರಾಗಿನ ಅಕೌಂಟ್ ತಗದಾನ. ಅವ್ವನ ದನಿ ನಾ ಅಳಸ್ತೀನೇನ್ರಿ?"

ಅವನ ಮಾತು ನಿಜವಾಗಿತ್ತು. ಸಿದ್ದಾರೂಢ ತಲೆ ತಗ್ಗಿಸಿದ.

ಸುಮಂಗಲಾ ಅಕೌಂಟಿನ ಕಸದ ಬುಟ್ಟಿ ತೆರೆದಳು. ಹಾಡುಗಳು ಅಲ್ಲೇ ಇದ್ದವು, ಇವತ್ತು ಮಧ್ಯಾಹ್ನ ಅಳಿಸಿದ್ದು. ಆ ಹೊತ್ತಿಗೆ ಸಿದ್ದಾರೂಢನ ಮೊಬೈಲ್ ಫ್ಯಾಕ್ಟರಿ ಗೇಟಿನಲ್ಲಿ ಜಮಾ ಆಗಿತ್ತು. ನೀತಾ ಸಾಮಾನಿಗೆಂದು ಕ್ಯಾಂಪಿನ ಬಜಾರಿಗೆ ಹೋಗಿದ್ದಳು, ಅವಳ ಮೊಬೈಲ್ ಅಲ್ಲಿ ಚಾರ್ಜ್ ಇಲ್ಲದೆ ಆರಿಹೋಗಿತ್ತು.

"ವಾಪಸ್ ತರಲೇನು?" ನೀತಾ ಕೈ ಚಾಚಿದಳು.

"ತಡಿ. ಇಲ್ಲಿ ಮೂರನೇ ಮೊಬೈಲ್ ತೋರಸ್ತದ. ಯಾರದು?"

"ಅತ್ತೀದು. ಬಂದ್ ಬಿದ್ದದ. ಮಾತಾಡಲಾರದವ್ರಿಗೆ ಫೋನ್ ಯಾಕ ಬೇಕ್ರಿ?"

*

ಅವ್ವಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಚಾರ್ಜರಿನ ವೈರು ಎಡಗಡೆಯ ದಿಂಬಿನ ಕೆಳಗೆ ಹೋಗಿತ್ತು. ಸುಮಂಗಲಾ ಮೆಲ್ಲಗೆ ಎಳೆದಳು. ಮೊಬೈಲ್ ಬಂತು, ಪೂರ್ತಿ ಚಾರ್ಜ್ ಆಗಿತ್ತು.

"ಅವ್ವಾ, ನೀವೇ ಅಳಿಸಿದ್ರಿ, ಹೌದಲ್ರಿ?"

ಅವ್ವಮ್ಮನ ಕಣ್ಣಲ್ಲಿ ನೀರು ಬಂತು. ಆಕೆ ಹೌದೆಂದು ತಲೆಯಾಡಿಸಿದಳು.

"ಯಾಕ ಅತ್ತಿ?" ನೀತಾ ಹಾಸಿಗೆಯ ಅಂಚಿಗೆ ಬಂದು ಕೂತಳು.

ಸುಮಂಗಲಾ ಹೇಳಿದಳು. "ಕಳ್ಳ ಆಗಿದ್ರ ಎಲ್ಲಾ ಅಳಸ್ತಿದ್ದ. ಇಲ್ಲಿ ಒಂದು ಬೇಕಂತ ಉಳದದ. ಅತ್ತಿ ಒಬ್ಬರೇ ಹಾಡಿದ್ದು ಹೋಗ್ಯಾವ, ನಿನಗ ಕಲಿಸಿದ್ದು ಅದ. ಆವಾಗ ನಂಗ ಸಂಶಯ ಬಂತು. ಮನಿಗೆ ಬಂದೋರಿಗೆಲ್ಲ ನೀವು ಗಂಡ ಹೆಂಡತಿ ಹಾಡು ಹಚ್ಚಿ, ಮೊದಲ ಹೆಂಗ ಹಾಡ್ತಿದ್ರು ನೋಡ್ರಿ ಅಂತಿದ್ರಿ. ಅವ್ರ ಮುಂದನ. ಎಲ್ಲಿ ಇಡಬೇಕಂತ ಭಾಳ ವಿಚಾರ ಮಾಡಿದ್ರಿ. ಅವ್ರನ್ನ ಒಂದು ಮಾತು ಕೇಳಲಿಲ್ಲ."

ಹಾಡು ಹಚ್ಚಿದಾಗಲೆಲ್ಲ ಅತ್ತೆ ಗೋಡೆಗೆ ತಿರುಗುತ್ತಿದ್ದದ್ದು ನೀತಾಳಿಗೆ ಈಗ ನೆನಪಾಯಿತು. ನಿದ್ದೆ ಅಂದುಕೊಂಡಿದ್ದಳು. ಅವಳು ಅತ್ತೆಯ ಕಾಲು ಹಿಡಿದು ಅತ್ತಳು.

ಅವ್ವಮ್ಮ ಒಪ್ಪಿದ ಮೇಲೆಯೇ ಹಾಡುಗಳು ಬುಟ್ಟಿಯಿಂದ ಹೊರಬಂದು ಬೇರೆ ಅಕೌಂಟಿಗೆ ಹೋದವು. ಅದು ಇದ್ದದ್ದು ಆಕೆಯ ಮೊಬೈಲಿನಲ್ಲಿ ಮಾತ್ರ. ಆ ಮೊಬೈಲಿಗೆ ಆಕೆಯ ಎಡಗೈ ಹೆಬ್ಬೆಟ್ಟೇ ಕೀಲಿ.

*

ಮರುದಿನ ತೊಟ್ಟಿಲ ಪಕ್ಕದಲ್ಲೇ ಅವ್ವಮ್ಮನನ್ನು ಕೂರಿಸಿದರು. ಮೊಬೈಲ್ ಹಚ್ಚಲಿಲ್ಲ. ನೀತಾಳೇ ಹಾಡಿದಳು, ಎರಡನೇ ಸಾಲಿನಲ್ಲಿ ತಪ್ಪಿದಳು.

ಅವ್ವಮ್ಮನ ಎಡಗೈ ತೊಟ್ಟಿಲ ಅಂಚನ್ನು ಪಟಪಟ ಬಡಿಯಿತು. ನೀತಾ ಮೊದಲಿನಿಂದ ಶುರುಮಾಡಿದಳು.