ಬೇಡವನ್ನು ನುಂಗಿದ ಕೊರಳಪಟ್ಟಿ

ಇಂಚರ ಚಹಾದ ಲೋಟವನ್ನು ಗಿರಗಿರನೆ ತಿರುಗಿಸಿ ಗಂಟಲಲ್ಲೇ ಗುನುಗಿದಳು. ಅವಳ ಕೊರಳಪಟ್ಟಿ ಮಾತಾಡಿತು: "ಅಮ್ಮಾ, ನಿನ್ನ ಕೈಯ ಚಹಾ ಅಂದರೆ ಚಹಾ." ಆ ದನಿಯ ಇಂಪಿಗೆ ನಾಚಿ ಹುಬ್ಬಳ್ಳಿಯ ಅರ್ಧದಷ್ಟು ಕೋಗಿಲೆಗಳು ಧಾರವಾಡಕ್ಕೆ ವಲಸೆ ಹೋದವು, ಉಳಿದರ್ಧಕ್ಕೆ ಬಸ್ಸಿನಲ್ಲಿ ಸೀಟು ಸಿಗಲಿಲ್ಲ.

ಇನ್ನು ಮೂವತ್ತೈದು ವರ್ಷಕ್ಕೆ ನಡೆಯುವ ಮಾತಿದು. ಆಟಿಸಂ ಇದ್ದು ಬಾಯಿಮಾತು ಬಾರದವರ ಗುನುಗು, ಕೈಚಲನೆ, ಕೊರಳಿನ ಸ್ನಾಯುಗಳ ಮಿಡಿತ ಎಲ್ಲವನ್ನೂ ಅಳೆದು ಆ ಪಟ್ಟಿ ವಾಕ್ಯ ಕಟ್ಟುತ್ತಿತ್ತು. ಅದನ್ನು ಕಂಡುಹಿಡಿದವರು ಡಾ. ಶಶಾಂಕ ಅಂಗಡಿ. ಅವರು ಹುಬ್ಬು ಗಂಟಿಕ್ಕಿದರೆ ಎದುರಿನ ಕಂಪ್ಯೂಟರು ಬೆವರುತ್ತಿತ್ತು, ಅಂಥ ಬುದ್ಧಿ.

ಪಟ್ಟಿ ಬರುವ ಮೊದಲು ತಾಯಿ ಪಲ್ಲವಿ ಮಗಳ ಕೈಯನ್ನೇ ಓದುತ್ತಿದ್ದಳು. ಅಂಗೈ ಕೆಳಮುಖವಾಗಿ ಚಪ್ಪಟೆಯಾದರೆ ಬೇಡ ಎಂದರ್ಥ. ಪಟ್ಟಿ ಬಂದ ಮೇಲೆ ಕೈ ನೋಡುವ ಕೆಲಸ ತಪ್ಪಿತು. ಕಿವಿ ಇದ್ದರೆ ಸಾಕಾಯಿತು.

ಈಗ ಆ ಯಂತ್ರವನ್ನು ಕೊರಳೊಳಗೇ ಕೂರಿಸುವ ಶಸ್ತ್ರಚಿಕಿತ್ಸೆ. ಒಮ್ಮೆ ಕೂತರೆ ತೆಗೆಯುವಂತಿಲ್ಲ, ಆರಿಸುವಂತಿಲ್ಲ. ಕಾನೂನಿನ ಪ್ರಕಾರ ಇಂಚರಳೇ ಒಪ್ಪಬೇಕು. ಡಾ. ಅಂಗಡಿಯವರು ಕೇಳಿದರು. ಅವಳು ಮೇಜಿನ ಮೇಲೆ ಅಂಗೈ ಊರಿದಳು.

"ಆಗಲಿ ಸರ್, ನಿಮ್ಮಿಷ್ಟ" ಎಂದಿತು ಪಟ್ಟಿ.

ನಿಯಮದಂತೆ ಮತ್ತೆ ಕೇಳಿದರು, ಮತ್ತೂ ಕೇಳಿದರು. ಕೊನೆಯ ಸಲ ಅವಳ ಅಂಗೈ ಬಡಿದ ರಭಸಕ್ಕೆ ಉಣಕಲ್ ಕೆರೆಯಲ್ಲಿ ಅಲೆ ಎದ್ದಿತು. ಪಟ್ಟಿ ಅದೇ ಜೇನುದನಿಯಲ್ಲಿ, "ಬಹಳ ಸಂತೋಷ ಸರ್" ಎಂದಿತು.

ಪಲ್ಲವಿ ಎಷ್ಟೋ ಕಾಲದ ಮೇಲೆ ಮಗಳ ಕೈ ನೋಡಿದಳು. "ಸರ್, ತಡೀರಿ. ಇದು ಆಕಿ ಬ್ಯಾಡ ಅನ್ನೋ ರೀತಿ."

ತಾಯಂದಿರಿಗೂ ಕಣ್ಣು ಮೋಸ ಮಾಡುತ್ತದೆ ಎಂದು ಅಂಗಡಿಯವರು ನಕ್ಕು, ತೋರಿಸಿಯೇ ಬಿಡೋಣವೆಂದು, ಯಂತ್ರ ಹಿಡಿದ ಮೂಲ ಸಂಕೇತವನ್ನು ಪರದೆಗೆ ತಂದರು. ಬೇಡ. ಬೇಡ. ಬೇಡ.

ಊದಿಕೊಂಡಿದ್ದ ವಿಜ್ಞಾನಿ ಕುರ್ಚಿಯಲ್ಲೇ ಇಳಿದುಹೋದರು. ನಡೆದದ್ದನ್ನು ತಡವರಿಸುತ್ತ ಹೇಳಿದರು. ಯಂತ್ರಕ್ಕೆ ನಯವಾದ ಮಾತು ಬರಲೆಂದು ನಾಡಿನ ಮದುವೆಮನೆಗಳ ಊಟದ ಪಂಕ್ತಿಗಳನ್ನೆಲ್ಲ ಅದಕ್ಕೆ ಉಣಿಸಿದ್ದರು. ಅಲ್ಲಿ ಎಲೆಗೆ ಕೈ ಅಡ್ಡ ಹಿಡಿದು ಬೇಡ ಎನ್ನುವುದು ಸಂಕೋಚ. ಒತ್ತಾಯ ಮಾಡಿ ಹೋಳಿಗೆ ಹಾಕಿದರೆ ಎರಡೂ ಕಡೆಯವರಿಗೆ ಖುಷಿ. ಬೇಡ ಎಂದರೆ ಹಾಕಿ ಎಂದೇ ಯಂತ್ರ ಕಲಿತಿತ್ತು.

"ಅದಕ್ಕ ಮರ್ಯಾದಿ ಕಲಿಸಿದ್ವಿ, ಪಲ್ಲವಿ ಅವರ."

"ಹಂಗಾದ್ರ ನನ್ನ ಮಗಳು ಬ್ಯಾಡ ಅನ್ನಾಕ ಇನ್ನೇನ್ ಮಾಡಬೇಕ್ರೀ?"

ಪಲ್ಲವಿಯೇ ಪಟ್ಟಿ ಬಿಚ್ಚಿ, ಮಗಳ ಕೈ ಹಿಡಿಯಲು ಹೋದಳು. ಇಂಚರ ಅಂಗೈ ಕೆಳಗೆ ಮಾಡಿದಳು. ಪಲ್ಲವಿ ಕೈ ಹಿಂದಕ್ಕೆಳೆದುಕೊಂಡಳು.

ಅಷ್ಟರಲ್ಲಾಗಲೇ ಹನ್ನೊಂದು ಸಾವಿರ ಜನರ ಕೊರಳೊಳಗೆ ಯಂತ್ರ ಕೂತಾಗಿತ್ತು. ಅಂಗಡಿಯವರು ಒಬ್ಬೊಬ್ಬರಿಗೂ ಫೋನು ಮಾಡಿ, ನಿಜಕ್ಕೂ ಒಪ್ಪಿದ್ದಿರಾ ಎಂದು ಕೇಳತೊಡಗಿದರು. ಎಲ್ಲರ ಕೊರಳಿಂದಲೂ ಒಂದೇ ಜೇನುದನಿ: "ಬಹಳ ಸಂತೋಷ ಸರ್."

ಸದ್ಯ, ಆ ಯಂತ್ರ ಇನ್ನೂ ಹುಟ್ಟಿಲ್ಲ. ಮುಖ ತಿರುಗಿಸಿ ಕಿವಿ ಮುಚ್ಚಿಕೊಂಡ ಮಗುವನ್ನು ನೆಂಟರ ಮುಂದೆ ನಿಲ್ಲಿಸಿ, "ಅವಳಿಗೆ ನಿಮ್ಮನ್ನು ಕಂಡರೆ ತುಂಬಾ ಇಷ್ಟ" ಎನ್ನುವ ಕೆಲಸವನ್ನು ಈಗಿನ್ನೂ ನಾವೇ ನಮ್ಮ ಬಾಯಾರೆ ಮಾಡುತ್ತಿದ್ದೇವೆ.