ಕೆರೆ ದಡದಲ್ಲಿ ಮರೆತ ಎರಡು ಹನಿ

"ನಿಮ್ಮ ಮೆಷಿನ್ ಸುಳ್ಳು ಹೇಳ್ತಿರಬೇಕು!"

ತಾನೇ ಕಟ್ಟಿದ ಮೆಷಿನ್ ಹಿಡಿದು ಮೊಣಕಾಲಿನವರೆಗೆ ಕೆರೆಯ ಕೆಸರಲ್ಲಿ ನಿಂತಿದ್ದವಳು ಗಿರ್ರನೆ ತಿರುಗಿದಳು. ದಡದ ಮೇಲೆ ನೀರು ಪರೀಕ್ಷೆ ಮಾಡುವ ಲ್ಯಾಬಿನವನು. ಕೈಯಲ್ಲಿ ಬಾಟಲಿ, ಮುಖದಲ್ಲಿ ತುಂಟ ನಗು.

"ಇಷ್ಟುದ್ದ ಕಡ್ಡಿ ಅದ್ದಿದ ಮಾತ್ರಕ್ಕೆ ನೀರಲ್ಲಿ ಸೀಸ ಇದೆ ಅಂತ ಗೊತ್ತಾಗಿಬಿಡುತ್ತಾ?"

"ಎರಡೇ ನಿಮಿಷದಲ್ಲಿ ಗೊತ್ತಾಗುತ್ತೆ ಕಣ್ರೀ. ನಿಮ್ಮ ಹಾಗೆ ಎರಡು ವಾರ ಕಾಯಿಸಲ್ಲ!"

ಅವನು ನೀರಿಗೆ ಬಗ್ಗಿದ. ಬಾಟಲಿ ತುಂಬಿಸಿದ, ಮುಚ್ಚಳ ತಿರುಗಿಸಿದ, ಕಣ್ಣು ಮಾತ್ರ ಅವಳ ಮೇಲೇ. ಅವಳೂ ಕದ್ದು ನೋಡಿದಳು... ಸುಳ್ಳು ಯಾಕೆ ಹೇಳಬೇಕು!

ಎರಡು ವಾರಕ್ಕೆ ಅವನ ವರದಿ ಬಂತು. ನೀರಲ್ಲಿ ಸೀಸ ಇಲ್ಲ.

ಚಿಕ್ಕಪ್ಪ ಆ ಕಾಗದವನ್ನು ಮೇಜಿಗೆ ಕುಕ್ಕಿದರು. ವರ್ಕ್‌ಶಾಪ್ ಅವರದು, ಮನೆ ಅವರದು, ಅಪ್ಪ ಅಮ್ಮ ಇಲ್ಲದ ಅವಳನ್ನು ಸಾಕಿದವರೂ ಅವರೇ.

"ಮೂರು ವರ್ಷ ನಿನ್ನ ಹುಚ್ಚಾಟ ಸಹಿಸಿದೆ, ಸಾಕು! ತಿಂಗಳ ಕೊನೆಗೆ ಈ ಮೆಷಿನ್ ಗುಜರಿಗೆ. ನೀನು ಸ್ಟೋರ್ ರೂಮಲ್ಲಿ ಕೂತು ಬ್ಯಾಟರಿ ಜೋಡಿಸು."

ಆ ಕೋಣೆಗೆ ಕಿಟಕಿಯೇ ಇರಲಿಲ್ಲ. ಬೆಳಿಗ್ಗೆ ಚಿಕ್ಕಪ್ಪನ ಕಾರಲ್ಲಿ ಬರಬೇಕು, ಸಂಜೆ ಅದೇ ಕಾರಲ್ಲಿ ಹೋಗಬೇಕು. ಮನೆಯಲ್ಲಿ ಚಿಕ್ಕಮ್ಮ, "ಎದುರಾಡಬೇಡ ಕಣೇ," ಅನ್ನುತ್ತಲೇ ಬಡಿಸುವರು. ಸಾಕಿದವರಿಗೆ ಎದುರಾಡುವುದಾದರೂ ಹೇಗೆ? ಅತ್ತ ದರಿ, ಇತ್ತ ಪುಲಿ.

'ಆ ಲ್ಯಾಬಿನವನು ಬೇಕಂತಲೇ ಮಾಡಿದಾನೆ... ನನ್ನ ಮಾತಿಗೆ ಸೇಡು!' ಎಂದು ಬ್ಯಾಟರಿಗಳನ್ನು ಕುಕ್ಕಿದಳು. ಆದರೂ ಅದೇ ಮುಖ ನೆನಪಾಗಬೇಕೇ? ಹಾಳಾದ ಮನಸ್ಸು!

ತಿಂಗಳ ಕೊನೆಯ ದಿನ ಬಾಗಿಲು ತೆರೆಯಿತು. ಚಿಕ್ಕಪ್ಪನ ಹಿಂದೆ ಅವನು!

"ತಪ್ಪು ನಂದು," ಅಂದ ತಲೆ ತಗ್ಗಿಸಿ. "ನೀರು ತುಂಬಿದ ತಕ್ಷಣ ಎರಡು ಹನಿ ಆಸಿಡ್ ಹಾಕಬೇಕು. ಇಲ್ಲದಿದ್ರೆ ಸೀಸ ಬಾಟಲಿಗೇ ಅಂಟ್ಕೊಳ್ಳುತ್ತೆ, ನೀರಲ್ಲಿ ಕಾಣಲ್ಲ. ಮೊನ್ನೆ ಅವತ್ತಿನ ಪೆಟ್ಟಿಗೆ ತೆಗೆದ್ರೆ ಅದರ ಆಸಿಡ್ ಬುಡ್ಡಿಯ ಸೀಲೇ ಒಡೆದಿಲ್ಲ! ಹೊಸ ನೀರು ತಂದು, ಸರದಿ ಕಾಯದೆ ರಾತ್ರಿಯೆಲ್ಲಾ ಕೂತು ಸರಿಯಾಗಿ ಪರೀಕ್ಷೆ ಮಾಡಿದೆ. ಇವರ ಮೆಷಿನ್ ಹೇಳಿದ್ದೇ ನಿಜ. ತಪ್ಪು ನಂದೇ ಅಂತ ನಮ್ಮ ಆಫೀಸಿಗೂ ಬರೆದುಕೊಟ್ಟೆ."

ಚಿಕ್ಕಪ್ಪ ಕೆಮ್ಮಿದರು. "ಸರಿ, ಮೆಷಿನ್ ಇರ್ಲಿ. ಅದರ ಕೆಲಸಾನೂ ಇಲ್ಲೇ ಕೂತು ಮಾಡು."

ಇಲ್ಲೇ! ಅವಳು ಬ್ಯಾಟರಿ ಬದಿಗಿಟ್ಟು ಎದ್ದಳು.

"ಇಲ್ಲ ಚಿಕ್ಕಪ್ಪ..." ಅಂದಳು. "ನೀವು ಸಾಕಿದ್ದು ಸಾಯೋವರೆಗೂ ಮರೆಯಲ್ಲ. ಆದ್ರೆ ಈ ಕೋಣೆಯಲ್ಲಿ ಇನ್ನು ಕೂರಲ್ಲ. ಕೆರೆಗೆ ಹೋಗ್ತೀನಿ. ನಡ್ಕೊಂಡೇ!"

ಚಿಕ್ಕಪ್ಪ ಬಾಗಿಲಿಂದ ಪಕ್ಕಕ್ಕೆ ಸರಿದರು. ಅವಳು ಮೆಷಿನ್ ಎತ್ತಿಕೊಂಡು ಹೊರಟೇಬಿಟ್ಟಳು.

ಬೀದಿಯಲ್ಲಿ ಅವನು ಓಡೋಡಿ ಬಂದು ಜೊತೆಯಾದ.

"ಬರೆದುಕೊಟ್ರಲ್ಲ, ಕೆಲಸ ಹೋದ್ರೆ?"

"ಹೋದ್ರೆ ಹೋಗ್ಲಿ. ನಿಮ್ಮ ಮೂರು ವರ್ಷ ಗುಜರಿಗೆ ಹೋಗಬಾರದು."

"ದಿನಾ ಮಾಡೋ ಕೆಲಸ, ಅದ್ಹೇಗ್ರೀ ಮರೆತ್ರಿ?"

ಅವನ ಕಿವಿ ಕೆಂಪಾಯಿತು. "ನಿಮ್ಮನ್ನೇ ನೋಡ್ತಾ ನಿಂತಿದ್ದೆ... ಅವತ್ತಿಂದ ನೀವು ಮನಸ್ಸಿಂದ ಹೋಗೇ ಇಲ್ಲ."

"ನೀವು ನೋಡ್ತಾ ನಿಂತಿದ್ದಕ್ಕೆ ನಾನು ಆ ಗೂಡಲ್ಲಿ ಕೂತೆನಾ!" ಬೈಯಲು ಹೊರಟವಳಿಗೆ ಅಳು ಬಂತು, ಅಳುವಿನ ನಡುವೆಯೇ ನಗು ಬಂತು.

"ಇನ್ಮೇಲೆ ಮೊದಲು ಹನಿ ಹಾಕಿ. ಆಮೇಲೆ ನೋಡಿ."

"ಎಷ್ಟು ಹೊತ್ತು ನೋಡಬಹುದು?"

"ಕತ್ತಲಾಗೋವರೆಗೆ," ಅಂದಳು. ನಾಲ್ಕು ಹೆಜ್ಜೆ ನಡೆದ ಮೇಲೆ, ಮೆಲ್ಲಗೆ... "ನಾಳೆನೂ ಬನ್ನಿ."